ತಪ್ಪು ಮಾಡಲು ಬಿಡುವ ತರಬೇತಿ

1978ರ ಡಿಸೆಂಬರ್ 28. ಅಮೆರಿಕದ ಪೋರ್ಟ್‌ಲೆಂಡ್ ಮೇಲೆ ಯುನೈಟೆಡ್ ಏರ್‌ಲೈನ್ಸ್‌ನ ಡಿಸಿ-8 ವಿಮಾನ ಸುಮಾರು ಒಂದು ಗಂಟೆ ಗಿರಕಿ ಹೊಡೆಯಿತು. ಚಕ್ರಗಳು ಸರಿಯಾಗಿ ಇಳಿದಿವೆಯೋ ಇಲ್ಲವೋ ಎಂಬುದರಲ್ಲೇ ಕ್ಯಾಪ್ಟನ್ ಮುಳುಗಿಹೋಗಿದ್ದರು. ಇಂಧನ ತಳ ಕಾಣುತ್ತಿರುವುದು ಪಕ್ಕದಲ್ಲಿದ್ದವರಿಗೆ ಗೊತ್ತಿತ್ತು. ಹೇಳಿಯೂ ಹೇಳಿದರು, ಆದರೆ ದೊಡ್ಡವರ ಮುಂದೆ ನಾವೆಲ್ಲ ಹೇಳುವ ಹಾಗೆ, ಅರೆಬರೆಯಾಗಿ. ಎಂಜಿನ್‌ಗಳು ಒಂದೊಂದಾಗಿ ನಿಂತವು. ವಿಮಾನ ಬಿದ್ದು 10 ಜನ ಸತ್ತರು.

ಇಂಧನದ ಮಾಪಕ ಓದಲು ಅಲ್ಲಿ ಎಲ್ಲರಿಗೂ ಬರುತ್ತಿತ್ತು. ಬಾರದೇ ಇದ್ದದ್ದು ಮೇಲಧಿಕಾರಿಯ ಕಿವಿಗೆ ನಾಟುವಂತೆ ಅದನ್ನು ಹೇಳುವುದು.

ಆ ಹೊತ್ತಿಗೇ ನಾಸಾದ ಅಧ್ಯಯನವೊಂದರಲ್ಲಿ ಸಂಶೋಧಕ ರಫೆಲ್ ಸ್ಮಿತ್, ನುರಿತ ಪೈಲಟ್‌ಗಳನ್ನು 747ರ ಸಿಮ್ಯುಲೇಟರ್‌ನಲ್ಲಿ ಕೂರಿಸಿ ಲಂಡನ್ ದಾರಿ ಹಿಡಿಸಿ, ನಡುವೆ ಎಂಜಿನ್ ಕೆಡಿಸಿ ನೋಡಿದ್ದರು. ಎಡವಟ್ಟುಗಳ ಮೂಲ ಯಂತ್ರದ ಅರಿವಿಗಿಂತ ಹೆಚ್ಚಾಗಿ ಪರಸ್ಪರ ಹೊಂದಾಣಿಕೆಯಲ್ಲಿತ್ತು. 1981ರಲ್ಲಿ ಯುನೈಟೆಡ್ ಈ ಹೊಂದಾಣಿಕೆಯನ್ನೇ ಕಲಿಸಲು ಹೊರಟಿತು.

'ಲಾಫ್ಟ್' ಎಂದು ಕರೆಯುವ ಈ ಬಗೆಯ ಸಿಮ್ಯುಲೇಟರ್ ಅಭ್ಯಾಸದಲ್ಲಿ ಎಲ್ಲವೂ ಮಾಮೂಲಿಯಾಗಿ ಶುರುವಾಗುತ್ತದೆ: ಹವಾಮಾನದ ಚೀಟಿ, ತೂಕದ ಲೆಕ್ಕ, ರೇಡಿಯೊ ಮಾತು. ತೊಂದರೆ ಮೆಲ್ಲಗೆ ಒಳಗೆ ಬರುತ್ತದೆ. ತರಬೇತುದಾರ ನಡುವೆ ಬಾಯಿ ಹಾಕುವಂತಿಲ್ಲ. ತಪ್ಪು ಮಾಡಿದವರು ಅದರ ಫಲವನ್ನೂ ಉಣ್ಣುತ್ತ ಕೊನೆಯವರೆಗೆ ಹಾರಿಸಬೇಕು. ಪಾಸು-ಫೇಲು ಇಲ್ಲ. ನಿಜವಾದ ಪಾಠ ಆಮೇಲಿನ ಚರ್ಚೆಯಲ್ಲಿ, ಅದೂ ಪೈಲಟ್‌ಗಳ ಬಾಯಿಂದಲೇ.

1989ರಲ್ಲಿ ಅದೇ ಕಂಪನಿಯ ಡಿಸಿ-10 ಹೈಡ್ರಾಲಿಕ್ ವ್ಯವಸ್ಥೆಯನ್ನೆಲ್ಲ ಕಳೆದುಕೊಂಡು ಸೂ ಸಿಟಿಯಲ್ಲಿ ನೆಲಕ್ಕಪ್ಪಳಿಸಿತು. ಆದರೂ 296 ಜನರಲ್ಲಿ 184 ಮಂದಿ ಉಳಿದರು. ಪ್ರಯಾಣಿಕರಾಗಿ ಕೂತಿದ್ದ ತರಬೇತುದಾರ ಡೆನ್ನಿಸ್ ಫಿಚ್ ಕೈಗೆ ಥ್ರಾಟಲ್ ಒಪ್ಪಿಸಿದ್ದ ಕ್ಯಾಪ್ಟನ್ ಆಲ್ ಹೇನ್ಸ್, ಮುಂದೆ ಈ ತರಬೇತಿಯ ಋಣವನ್ನು ಮತ್ತೆ ಮತ್ತೆ ನೆನೆದರು.

ಆದರೆ ನಮ್ಮ ಮಂಗಳೂರಿನ ಬಜಪೆ ವಿಮಾನ ದುರಂತವನ್ನು ಮರೆಯುವಂತಿಲ್ಲ. 2010ರ ಮೇ 22ರಂದು, ಇಳಿಸುವುದು ಬೇಡ, ಮತ್ತೆ ಮೇಲಕ್ಕೇರಿಸೋಣ ಎಂದು ಸಹಪೈಲಟ್ ಹೇಳಿದ್ದು ಧ್ವನಿಮುದ್ರಣದಲ್ಲಿತ್ತು. 158 ಜನ ಹೋದರು. ಕಿರಿಯರಿಗೆ ಬಾಯಿ ಬಿಡಲು ಕಲಿಸಿದರೆ ಸಾಲದು, ಕೇಳುವ ಅಭ್ಯಾಸ ಹಿರಿಯರಿಗೂ ಬೇಕು. ತರಬೇತಿಗೆ ಸನ್ನಿವೇಶ ಬರೆಯುವವರು ಹೆಚ್ಚಾಗಿ ಮರೆಯುವುದು ಈ ಎರಡನೆಯ ಪಾತ್ರವನ್ನು.

ಈಗ ನಮ್ಮ ಕಚೇರಿಗಳ ಆನ್‌ಲೈನ್ ತರಬೇತಿ ನೋಡಿ. 'ಯಾರಾದರೂ ಲಂಚ ಕೊಡಲು ಬಂದರೆ ಏನು ಮಾಡುವಿರಿ?' ನಾಲ್ಕು ಉತ್ತರ, ಮೂರು ಶುದ್ಧ ಪೆದ್ದು. ಚಹಾ ಕುಡಿಯುತ್ತ ಒತ್ತಿ ಮುಗಿಸಬಹುದು. ಇದಕ್ಕೂ ಸನ್ನಿವೇಶ ಎಂದೇ ಹೆಸರು! ಬದಲಿಗೆ ಬ್ಯಾಂಕಿನ ಗುಮಾಸ್ತರೊಬ್ಬರನ್ನು ಕೌಂಟರಿನಲ್ಲಿ ಕೂರಿಸಿ. ಎದುರಿಗೆ ಹಳೇ ಗಿರಾಕಿ, ಸಹಿ ತಾಳೆಯಾಗುತ್ತಿಲ್ಲ, ನಾಳೆ ಮಗಳ ಮದುವೆ, ಹಿಂದೆ ಉದ್ದ ಸಾಲು, 'ಕೊಟ್ಟು ಕಳಿಸ್ರೀ, ನಮ್ಮವರೇ' ಎನ್ನುವ ಮ್ಯಾನೇಜರ್. ಆಯ್ಕೆ ಗುರುತಿಸುವುದಲ್ಲ, ಮಾತೇ ಆಡಬೇಕು. ಮರುಸುತ್ತಿನಲ್ಲಿ ಮ್ಯಾನೇಜರ್ ಕೌಂಟರಿಗೆ ಬರಲಿ.

ಇದಕ್ಕೆ ಸಿಮ್ಯುಲೇಟರ್ ಬೇಡ, ಎರಡು ಕುರ್ಚಿ ಸಾಕು. ಕಷ್ಟವಿರುವುದು ಬೇರೆಡೆ. ಲಾಫ್ಟ್‌ನಲ್ಲಿ ಚರ್ಚೆಗೆಂದು ತೆಗೆದ ವಿಡಿಯೊವನ್ನು ಆಮೇಲೆ ಅಳಿಸುವುದು ರೂಢಿ. ಹೀಗೆ ದಾಖಲೆ ಉಳಿಯದ, ಅಂಕಪಟ್ಟಿ, ಡ್ಯಾಶ್‌ಬೋರ್ಡ್ ಇಲ್ಲದ ತರಬೇತಿಗೆ ನಮ್ಮ ಎಚ್‌ಆರ್ ವಿಭಾಗಗಳು ಒಪ್ಪುವುದು ಸುಲಭವಲ್ಲ.