ಗೆದ್ದೆತ್ತಿನ ಬಾಲವೂ ಏಳು-ಒಂದರ ಲೆಕ್ಕವೂ

ಕ್ರಿಕೆಟ್ ಹುಚ್ಚಿರುವ ನಾಲ್ಕು ಕನ್ನಡಿಗರು ಯಾವ ಊರಿನಲ್ಲೇ ಸೇರಲಿ, ಮಾತು ಒಂದಲ್ಲ ಒಂದು ಹೊತ್ತಿಗೆ 2003ರ ವಿಶ್ವಕಪ್ ಫೈನಲ್‌ಗೆ ಬಂದು ನಿಲ್ಲುತ್ತದೆ. ಜೊಹಾನ್ಸ್‌ಬರ್ಗ್‌ನಲ್ಲಿ ಆಸ್ಟ್ರೇಲಿಯಾ ಎದುರು ಆಡಿದ ಆ ಹನ್ನೊಂದು ಮಂದಿಯಲ್ಲಿ ಅನಿಲ್ ಕುಂಬ್ಳೆ ಇರಲಿಲ್ಲ. ‘ಇದ್ದಿದ್ದರೆ?’ ಎಂಬ ಪ್ರಶ್ನೆ ಎರಡು ದಶಕ ಕಳೆದರೂ ಹಳೆಯದಾಗಿಲ್ಲ. ಆದರೆ ಅದೇ ಟೂರ್ನಿಯ ಇನ್ನೊಂದು ಆಯ್ಕೆಯ ಬಗ್ಗೆ ಯಾರೂ ಜಗಳಕ್ಕೆ ಬರುವುದಿಲ್ಲ. ರಾಹುಲ್ ದ್ರಾವಿಡ್ ಕೈಗೆ ಕೀಪಿಂಗ್ ಗ್ಲೌಸ್ ಕೊಟ್ಟು, ಮಿಕ್ಕ ಜಾಗದಲ್ಲಿ ಇನ್ನೊಬ್ಬ ಬ್ಯಾಟ್ಸ್‌ಮನ್‌ನನ್ನು ಆಡಿಸಿದ್ದು ಜೂಜಲ್ಲವೇ? ತಂಡ ಫೈನಲ್‌ವರೆಗೆ ಹೋಯಿತಾದ್ದರಿಂದ ಅದು ನಮಗೆ ಜೂಜು ಅನ್ನಿಸಲೇ ಇಲ್ಲ. ಗೆದ್ದೆತ್ತಿನ ಬಾಲ ಹಿಡಿಯುವುದು ಸುಲಭ. ಎತ್ತು ಕಣಕ್ಕಿಳಿಯುವ ಮೊದಲೇ ಇದನ್ನೇ ಏಕೆ ಕಟ್ಟಿದೆ ಎಂದು ಹೇಳುವುದು ಕಷ್ಟ.

ಆ ಕಷ್ಟ ಎಂಥದ್ದು ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಕ್ರಿಕೆಟ್‌ನದ್ದಲ್ಲ, ರಗ್ಬಿಯದು. 2023ರಲ್ಲಿ ಫ್ರಾನ್ಸ್‌ನಲ್ಲಿ ನಡೆದ ರಗ್ಬಿ ವಿಶ್ವಕಪ್‌ನಲ್ಲಿ ದಕ್ಷಿಣ ಆಫ್ರಿಕಾ ಮಾಡಿದ ಆಯ್ಕೆಗಳ ಕಥೆ ಇದು.

ಮೊದಲು ಆಟದ ಒಂದೆರಡು ವಿಷಯ. ರಗ್ಬಿ ಯೂನಿಯನ್‌ನಲ್ಲಿ ಒಂದು ತಂಡಕ್ಕೆ ಹದಿನೈದು ಜನ. ಅದರಲ್ಲಿ ಎಂಟು ಮಂದಿ ಫಾರ್ವರ್ಡ್‌ಗಳು. ತಳ್ಳುವುದು, ಗುದ್ದುವುದು, ಚೆಂಡಿಗಾಗಿ ನೆಲದ ಮೇಲೆ ಹೊರಳುವುದು ಇವರ ಪಾಲು. ಉಳಿದ ಏಳು ಮಂದಿ ಬ್ಯಾಕ್‌ಗಳು. ಓಡುವುದು, ಪಾಸ್ ಕೊಡುವುದು, ಒದೆಯುವುದು ಹೆಚ್ಚಾಗಿ ಇವರ ಕೆಲಸ. ಬೆಂಚಿನ ಮೇಲೆ ಎಂಟು ಬದಲಿ ಆಟಗಾರರು ಇರುತ್ತಾರೆ. ವಾಡಿಕೆಯಂತೆ ಅವರಲ್ಲಿ ಐವರು ಫಾರ್ವರ್ಡ್‌ಗಳು, ಮೂವರು ಬ್ಯಾಕ್‌ಗಳು. ಎಲ್ಲ ಜಾಗಗಳೂ ಒಂದೇ ಅಲ್ಲ. ಹುಕರ್ ಎಂಬಾತ ಸ್ಕ್ರಮ್‌ನ ಮುಂದಿನ ಸಾಲಿನ ನಟ್ಟನಡುವೆ ನಿಲ್ಲುತ್ತಾನೆ. ಚೆಂಡು ಅಂಚಿನ ಗೆರೆ ದಾಟಿ ಹೊರಹೋದಾಗ ಅದನ್ನು ಲೈನ್‌ಔಟ್‌ನಲ್ಲಿ ನೇರವಾಗಿ ಎಸೆಯುವವನೂ ಅವನೇ. ಆ ಎಸೆತ ಒಂದೆರಡು ವಾರದಲ್ಲಿ ಕೈಗೆ ಹತ್ತುವ ವಿದ್ಯೆಯಲ್ಲ. ಸ್ಕ್ರಮ್-ಹಾಫ್ ಎಂಬಾತ ಫಾರ್ವರ್ಡ್‌ಗಳ ಗುಂಪಿನಿಂದ ಚೆಂಡನ್ನು ತೆಗೆದು ಬ್ಯಾಕ್‌ಗಳಿಗೆ ದಾಟಿಸುವ ಕೊಂಡಿ. ಫ್ಲೈ-ಹಾಫ್ ಆಟದ ದಿಕ್ಕು ನಿರ್ಧರಿಸುವವನು. ಹೆಚ್ಚಿನ ತಂಡಗಳಲ್ಲಿ ಪೆನಾಲ್ಟಿ ಒದೆಯುವವನೂ ಅವನೇ.

ಸೆಪ್ಟೆಂಬರ್‌ನಲ್ಲಿ, ಸ್ಕಾಟ್ಲೆಂಡ್ ವಿರುದ್ಧದ ಮೊದಲ ಪಂದ್ಯ ಮುಗಿದ ಮೇಲೆ, ದಕ್ಷಿಣ ಆಫ್ರಿಕಾದ ಹುಕರ್ ಮಾಲ್ಕಮ್ ಮಾರ್ಕ್ಸ್ ಅಭ್ಯಾಸದ ವೇಳೆ ಮೊಣಕಾಲಿಗೆ ಪೆಟ್ಟು ಮಾಡಿಕೊಂಡರು. ಅವರ ವಿಶ್ವಕಪ್ ಅಲ್ಲಿಗೆ ಮುಗಿಯಿತು. 33 ಮಂದಿಯ ತಂಡದಲ್ಲಿ ಅವರ ಜಾಗಕ್ಕೆ ಒಬ್ಬರನ್ನು ಕರೆಸಿಕೊಳ್ಳಲು ಅವಕಾಶವಿತ್ತು. ಹುಕರ್ ಹೋದರೆ ಇನ್ನೊಬ್ಬ ಹುಕರ್‌ನನ್ನು ಕರೆಸುವುದು ಯಾರಿಗಾದರೂ ತೋಚುವ ದಾರಿ. ಕೋಚ್ ಜಾಕ್ ನೀನಾಬರ್ ಮತ್ತು ರಗ್ಬಿ ನಿರ್ದೇಶಕ ರಾಸಿ ಇರಾಸ್ಮಸ್ ಹಾಗೆ ಮಾಡಲಿಲ್ಲ. ಗಾಯದಿಂದ ಆಗಷ್ಟೇ ಚೇತರಿಸಿಕೊಂಡಿದ್ದ ಫ್ಲೈ-ಹಾಫ್ ಹಾಂಡ್ರೆ ಪೊಲಾರ್ಡ್ ಅವರನ್ನು ಕರೆಸಿದರು.

ಅಂದರೆ ಮುಖ್ಯ ಹುಕರ್ ಎಂದು ಉಳಿದದ್ದು ಬೋಂಗಿ ಎಂಬೊನಾಂಬಿ ಒಬ್ಬರೇ. ಅವರಿಗೆ ಏನಾದರೂ ಆದರೆ ಡಿಯಾನ್ ಫೂರಿ. ಫೂರಿಗೆ ಆಗ 37ರ ಹತ್ತಿರ ವಯಸ್ಸು. ಹಿಂದೆ ಹಲವು ವರ್ಷ ಹುಕರ್ ಆಗಿ ಆಡಿದ್ದವರು, ಆಮೇಲೆ ಹಿಂದಿನ ಸಾಲಿನ ಫಾರ್ವರ್ಡ್ ಆಗಿ ಬದಲಾಗಿದ್ದವರು. ಒಂದು ಕಡೆ ತೂತು ಬಿಟ್ಟು ಇನ್ನೊಂದು ಕಡೆ ಗೋಡೆ ಕಟ್ಟಿದ ಹಾಗಿತ್ತು. ಆ ಗೋಡೆ ಯಾಕೆ ಬೇಕಿತ್ತು ಎಂಬುದು ಸೆಪ್ಟೆಂಬರ್ 23ರಂದು ಗೊತ್ತಾಯಿತು. ಪೊಲಾರ್ಡ್ ಇನ್ನೂ ಕಣಕ್ಕಿಳಿಯದಿದ್ದ ಆ ಪಂದ್ಯದಲ್ಲಿ ದಕ್ಷಿಣ ಆಫ್ರಿಕಾ ಒದೆತಗಳ ಮೇಲೆ ಒದೆತ ತಪ್ಪಿಸಿ ಐರ್ಲೆಂಡ್‌ಗೆ 13-8ರಿಂದ ಸೋತಿತು.

ಎರಡನೆಯ ಜೂಜು ಬೆಂಚಿನದು. 2019ರ ವಿಶ್ವಕಪ್‌ನಲ್ಲೇ ಈ ತಂಡ ಆರು ಫಾರ್ವರ್ಡ್, ಇಬ್ಬರು ಬ್ಯಾಕ್ ಎಂಬ ಲೆಕ್ಕ ಹಿಡಿದು ಕಪ್ ಗೆದ್ದಿತ್ತು. ದ್ವಿತೀಯಾರ್ಧದಲ್ಲಿ ಬೆಂಚಿನಿಂದ ಎದ್ದು ಬರುವ ಆ ದೈತ್ಯರಿಗೆ ‘ಬಾಂಬ್ ಸ್ಕ್ವಾಡ್’ ಎಂಬ ಹೆಸರೇ ಬಿತ್ತು. 2023ರ ಆಗಸ್ಟ್‌ನಲ್ಲಿ ಲಂಡನ್ನಿನ ಟ್ವಿಕನ್‌ಹ್ಯಾಮ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಅದು ಏಳು-ಒಂದಕ್ಕೆ ಹೋಯಿತು. ಆವತ್ತು ಬೆಂಚಿನಲ್ಲಿದ್ದ ಒಬ್ಬ ಬ್ಯಾಕ್ ಕೊನೆಯ ಗಳಿಗೆಯಲ್ಲಿ ಗಾಯಗೊಂಡಾಗ ಆ ಜಾಗಕ್ಕೆ ಬಂದದ್ದು ಮತ್ತೊಬ್ಬ ಫಾರ್ವರ್ಡ್. 35-7ರಿಂದ ಗೆದ್ದರು. ಐರ್ಲೆಂಡ್ ವಿರುದ್ಧವೂ ಅದೇ ಏಳು-ಒಂದು ಹಿಡಿದರು, ಸೋತರು. ಇದು ಆಟದ ಆಶಯಕ್ಕೇ ವಿರುದ್ಧ, ದಣಿದವರ ಮೇಲೆ ಹೊಸ ದೈತ್ಯರನ್ನು ಬಿಡುವುದು ಅಪಾಯ ಎಂದು ಟೀಕಿಸಿದವರೂ ಇದ್ದರು. ನಿಯಮದಲ್ಲಿ ಅಡ್ಡಿಯಿಲ್ಲ ಎಂಬುದು ಇನ್ನೊಂದು ಬಣದ ವಾದ.

ಹಾಗಂತ ಇದೇ ಅವರ ಮಂತ್ರವೇನೂ ಆಗಿರಲಿಲ್ಲ. ಫ್ರಾನ್ಸ್ ವಿರುದ್ಧದ ಕ್ವಾರ್ಟರ್‌ಫೈನಲ್‌ನಲ್ಲಿ ಬೆಂಚು ಸಾಂಪ್ರದಾಯಿಕ ಐದು-ಮೂರು. ಕೋಬಸ್ ರೈನಾಕ್, ಮಾನಿ ಲಿಬೊಕ್ ಆರಂಭಿಸಿದರು, ಪೊಲಾರ್ಡ್ ಬೆಂಚಿನಲ್ಲಿದ್ದರು. 29-28ರಿಂದ ಗೆಲುವು. ಇಂಗ್ಲೆಂಡ್ ವಿರುದ್ಧ ಸೆಮಿಫೈನಲ್‌ಗೆ ಅದೇ ಹದಿನೈದು ಮಂದಿ. ಆಟ ಕೈತಪ್ಪುತ್ತಿದೆ ಅನ್ನಿಸಿದಾಗ 31ನೇ ನಿಮಿಷಕ್ಕೇ ಲಿಬೊಕ್ ಅವರನ್ನು ಹೊರಗೆ ಕರೆದು ಪೊಲಾರ್ಡ್ ಅವರನ್ನು ಇಳಿಸಿದರು. ಗಾಯವಿಲ್ಲದ ಫ್ಲೈ-ಹಾಫ್‌ನನ್ನು ವಿರಾಮಕ್ಕೂ ಮುಂಚೆ ಹೊರಗೆ ಕರೆಯುವುದು ತನ್ನ ಆಯ್ಕೆ ತಪ್ಪಾಯಿತೆಂದು ಇಡೀ ಜಗತ್ತಿನೆದುರು ಒಪ್ಪಿಕೊಂಡಂತೆ. ಒಪ್ಪಿಕೊಂಡರು. 15-6ರಿಂದ ಹಿಂದಿದ್ದ ತಂಡ 69ನೇ ನಿಮಿಷದಲ್ಲಿ ಟ್ರೈ ಗಳಿಸಿತು. ಕೊನೆಗೆ ಇನ್ನೆರಡು-ಮೂರು ನಿಮಿಷ ಇರುವಾಗ ಸುಮಾರು 50 ಮೀಟರ್ ದೂರದಿಂದ ಪೊಲಾರ್ಡ್ ಒದ್ದ ಪೆನಾಲ್ಟಿ ಕಂಬಗಳ ನಡುವೆ ಹೋಯಿತು. 16-15.

ಫೈನಲ್ ಅಕ್ಟೋಬರ್ 28ರಂದು, ಎದುರಾಳಿ ನ್ಯೂಜಿಲೆಂಡ್. ಅವರು ಅರ್ಜೆಂಟೀನಾವನ್ನು 44-6ರಿಂದ ಸಲೀಸಾಗಿ ಮಣಿಸಿ, ಒಂದು ದಿನ ಹೆಚ್ಚು ವಿಶ್ರಾಂತಿ ಪಡೆದು ಬಂದಿದ್ದರು. ದಕ್ಷಿಣ ಆಫ್ರಿಕಾದ ಫಾರ್ವರ್ಡ್‌ಗಳು ಒಂದೊಂದೇ ಅಂಕದ ಎರಡು ಪಂದ್ಯಗಳಲ್ಲಿ ಸವೆದಿದ್ದರು. ನೀನಾಬರ್ ಮತ್ತೆ ಏಳು-ಒಂದು ಹೂಡಿದರು. ಲಿಬೊಕ್ ಇಲ್ಲ, ರೈನಾಕ್ ಇಲ್ಲ. ಬೆಂಚಿನಲ್ಲಿದ್ದ ಒಬ್ಬನೇ ಬ್ಯಾಕ್ ವಿಲ್ಲಿ ಲ ರೂ, ಅವರೋ ಫುಲ್‌ಬ್ಯಾಕ್. ಅಂದರೆ ಸ್ಕ್ರಮ್-ಹಾಫ್ ಫಾಫ್ ಡಿ ಕ್ಲರ್ಕ್ ಎರಡನೇ ನಿಮಿಷದಲ್ಲಿ ಬಿದ್ದರೆ ಆ ಜಾಗಕ್ಕೆ ಪಳಗಿದವರು ಯಾರೂ ಇಲ್ಲ.

ಫಾಫ್ ಬೀಳಲಿಲ್ಲ. ಬಿದ್ದವರು ಎಂಬೊನಾಂಬಿ. ಭಾರತದಲ್ಲಿ ಮಧ್ಯರಾತ್ರಿ ಹನ್ನೆರಡೂವರೆಗೆ ಶುರುವಾದ ಪಂದ್ಯದಲ್ಲಿ ಇನ್ನೂ ಕಣ್ಣು ಸರಿಯಾಗಿ ಬಿಡುವಷ್ಟರಲ್ಲೇ ಶ್ಯಾನನ್ ಫ್ರಿಝೆಲ್ ಅವರ ಮೈಭಾರ ಎಂಬೊನಾಂಬಿ ಕಾಲಿನ ಮೇಲೆ ಬಿತ್ತು. ಫ್ರಿಝೆಲ್‌ಗೆ ಹಳದಿ ಕಾರ್ಡ್. ತಂಡದ ಏಕೈಕ ಮುಖ್ಯ ಹುಕರ್ ಕುಂಟುತ್ತ ಹೊರಗೆ. ಅದೇ ತಪ್ಪಿಗೆ ಸಿಕ್ಕ ಪೆನಾಲ್ಟಿಯನ್ನು ಒದೆಯಲು ನಿಂತವರು ಪೊಲಾರ್ಡ್. ಮೊದಲ ಮೂರು ಅಂಕ ಬಂತು. ಹುಕರ್ ಬದಲು ಫ್ಲೈ-ಹಾಫ್‌ನನ್ನು ಕರೆಸಿದ ತೀರ್ಮಾನದ ಸಾಲವೂ ಲಾಭವೂ ಒಂದೇ ಗಳಿಗೆಯಲ್ಲಿ ಮನೆ ಬಾಗಿಲಿಗೆ ಬಂದು ನಿಂತವು.

ಮುಂದಿನ ಎಪ್ಪತ್ತೈದಕ್ಕೂ ಹೆಚ್ಚು ನಿಮಿಷ ಫೂರಿ ಆ ಜಾಗದಲ್ಲಿ ನಿಂತರು. ಲೈನ್‌ಔಟ್‌ಗಳು ಹಲವು ಸಲ ಕೈಕೊಟ್ಟವು. ಕಟ್ಟಬೇಕಾದ ದಂಡ ಅದು, ಕಟ್ಟಿದರು. ಪೊಲಾರ್ಡ್ ಮೊದಲಾರ್ಧದಲ್ಲೇ ನಾಲ್ಕು ಪೆನಾಲ್ಟಿಗಳಿಂದ 12 ಅಂಕ ಗಳಿಸಿದರು. ಅದರ ಮೇಲೆ ತಂಡಕ್ಕೆ ಒಂದು ಅಂಕವೂ ಸೇರಲಿಲ್ಲ. ನ್ಯೂಜಿಲೆಂಡ್ ನಾಯಕ ಸ್ಯಾಮ್ ಕೇನ್ ಕೆಂಪು ಕಾರ್ಡ್ ಪಡೆದು ಹೊರಹೋದರೂ ಅವರ ಹದಿನಾಲ್ಕು ಮಂದಿ ಬಿಡದೆ ಕಾಡಿದರು. 58ನೇ ನಿಮಿಷದಲ್ಲಿ ಬೋಡನ್ ಬ್ಯಾರೆಟ್ ಟ್ರೈ ಗಳಿಸಿದಾಗ 12-11. ಅದರ ಮೇಲಿನ ಕನ್ವರ್ಶನ್ ತಪ್ಪಿತು. 73ನೇ ನಿಮಿಷದಲ್ಲಿ ಜೋರ್ಡಿ ಬ್ಯಾರೆಟ್ ದೂರದಿಂದ ಒದ್ದ ಪೆನಾಲ್ಟಿಯೂ ತಪ್ಪಿತು. ಪೀಟರ್-ಸ್ಟೆಫ್ ಡು ಟಾಯ್ ಒಬ್ಬರೇ 28 ಟ್ಯಾಕಲ್ ಮಾಡಿದ ಆ ರಾತ್ರಿ ದಕ್ಷಿಣ ಆಫ್ರಿಕಾ ನಾಲ್ಕನೇ ಸಲ ಕಪ್ ಎತ್ತಿತು. ಮೂರು ನಾಕೌಟ್ ಪಂದ್ಯ, ಮೂರರಲ್ಲೂ ಒಂದೇ ಅಂಕದ ಅಂತರ.

ಈಗ ಹೇಳಿ, ಇದು ಜಾಣತನವೋ ಅದೃಷ್ಟವೋ? ಜೋರ್ಡಿ ಒದ್ದ ಚೆಂಡು ಒಂದಿಷ್ಟು ಒಳಕ್ಕೆ ಸರಿದಿದ್ದರೆ ಮರುದಿನದ ಪತ್ರಿಕೆಗಳಲ್ಲಿ ‘ಒಬ್ಬನೇ ಹುಕರ್ ಇಟ್ಟುಕೊಂಡು ಫೈನಲ್ ಆಡಿದ ಮೂರ್ಖರು’ ಎಂದು ಓದುತ್ತಿದ್ದೆವು. ತೀರ್ಮಾನ ಅದೇ, ಕಾರಣಗಳೂ ಅವೇ, ಹೆಸರು ಮಾತ್ರ ಬೇರೆ.

ಸೋತವರ ಕಡೆಯಿಂದಲೂ ನೋಡೋಣ. 2019ರ ಸೆಮಿಫೈನಲ್‌ನಲ್ಲಿ ನ್ಯೂಜಿಲೆಂಡ್ ಕೋಚ್ ಸ್ಟೀವ್ ಹ್ಯಾನ್ಸನ್ ಎತ್ತರದ ಲಾಕ್ ಆಟಗಾರ ಸ್ಕಾಟ್ ಬ್ಯಾರೆಟ್ ಅವರನ್ನು ಫ್ಲ್ಯಾಂಕರ್ ಜಾಗದಲ್ಲಿ ಆಡಿಸಿ, ಪಳಗಿದ ಫ್ಲ್ಯಾಂಕರ್ ಸ್ಯಾಮ್ ಕೇನ್ ಅವರನ್ನು ಬೆಂಚಿನಲ್ಲಿ ಕೂರಿಸಿದರು. ಲೈನ್‌ಔಟ್‌ನಲ್ಲಿ ಇಂಗ್ಲೆಂಡನ್ನು ಕಟ್ಟಿಹಾಕಲು ಎತ್ತರ ಬೇಕು ಎಂಬುದು ಅರ್ಥವಾಗುವ ಲೆಕ್ಕವೇ. ವಿರಾಮದ ಹೊತ್ತಿಗೆ ಆ ಲೆಕ್ಕ ಬಿಟ್ಟು ಕೇನ್ ಅವರನ್ನು ಇಳಿಸಬೇಕಾಯಿತು. 19-7ರಿಂದ ಸೋತರು. ಅದಕ್ಕೂ ಹಿಂದೆ, 1999ರ ಸೆಮಿಫೈನಲ್‌ನಲ್ಲಿ ಕ್ರಿಶ್ಚಿಯನ್ ಕಲೆನ್, 2003ರ ಸೆಮಿಫೈನಲ್‌ನಲ್ಲಿ ಲಿಯಾನ್ ಮೆಕ್‌ಡೊನಾಲ್ಡ್, 2007ರ ಕ್ವಾರ್ಟರ್‌ಫೈನಲ್‌ನಲ್ಲಿ ಮಿಲ್ಸ್ ಮುಲಿಯೈನಾ. ಫುಲ್‌ಬ್ಯಾಕ್ ಎಂದೇ ಹೆಸರಾದ ಈ ಮೂವರನ್ನು ಸೆಂಟರ್ ಜಾಗದಲ್ಲಿ ಆಡಿಸಿ ನ್ಯೂಜಿಲೆಂಡ್ ಮೂರೂ ಸಲ ಸೋತಿತು. ಸೋಲಿಗೆ ಅದೊಂದೇ ಕಾರಣ ಎನ್ನುವುದು ಅನ್ಯಾಯ. 2007ರಲ್ಲಿ ಅವರ ಫ್ಲೈ-ಹಾಫ್ ಡ್ಯಾನ್ ಕಾರ್ಟರ್ ಗಾಯಗೊಂಡು ಹೊರಬಂದರು, ಅವರ ಬದಲಿಗೆ ಹೋದವರೂ ಗಾಯಗೊಂಡರು. ಆದರೂ ಪ್ರತಿ ಸಲ ಜನ ಬೆರಳು ತೋರಿಸಿದ್ದು ಆ ಸೆಂಟರ್ ಜಾಗಕ್ಕೇ.

ಹಾಗಾದರೆ ಆಯ್ಕೆಯನ್ನು ಅಳೆಯುವುದು ಹೇಗೆ? ಫಲಿತಾಂಶ ಬರುವ ಮೊದಲೇ ಕೇಳಬಹುದಾದ ಪ್ರಶ್ನೆಗಳಿಂದ ಎಂದು ನನಗನ್ನಿಸುತ್ತದೆ. ಈ ಅಪಾಯಕ್ಕೆ ಬದಲಾಗಿ ಸಿಗುವುದೇನು? ದಕ್ಷಿಣ ಆಫ್ರಿಕಾ ಬಳಿ ಉತ್ತರವಿತ್ತು: ಒತ್ತಡದಲ್ಲಿ ತಪ್ಪದ ಒದೆತ, ಕೊನೆಯ ಅರ್ಧ ಗಂಟೆಗೆ ಹೊಸ ಕಾಲುಗಳು. ಪೊಲಾರ್ಡ್ 2019ರ ಫೈನಲ್‌ನಲ್ಲೇ 22 ಅಂಕ ಗಳಿಸಿದ್ದವರು. ಆ ಭರವಸೆ ಗಾಳಿಯದಲ್ಲ. ಲೆಕ್ಕ ತಪ್ಪಿದರೆ ತೂತಿಗೆ ಯಾರು ಅಡ್ಡ ನಿಲ್ಲುತ್ತಾರೆ? ಹುಕರ್ ಜಾಗಕ್ಕೆ ಹಳೆಯ ಕಸುಬು ಮರೆಯದ ಫೂರಿ ಇದ್ದರು. ಸ್ಕ್ರಮ್-ಹಾಫ್ ಜಾಗಕ್ಕೆ ಅಂಥ ಉತ್ತರ ಇರಲಿಲ್ಲ. ಅಲ್ಲಿ ಅವರನ್ನು ಕಾಪಾಡಿದ್ದು ಫಾಫ್ ಡಿ ಕ್ಲರ್ಕ್ ಅವರ ಗಟ್ಟಿ ಮೈ ಮತ್ತು ಅದೃಷ್ಟ. ಅದನ್ನು ಅದೃಷ್ಟ ಎಂದೇ ಕರೆಯಬೇಕು. ಇನ್ನು, ತಪ್ಪಾದರೆ ಎಷ್ಟು ಬೇಗ ಒಪ್ಪಿಕೊಳ್ಳುತ್ತೀರಿ? ಅದಕ್ಕೆ ಉತ್ತರ ಆ 31ನೇ ನಿಮಿಷ.

ಆ ಉತ್ತರದ ಬೆಲೆ ತೆತ್ತವರನ್ನೂ ಮರೆಯಬಾರದು. ಕ್ವಾರ್ಟರ್‌ಫೈನಲ್‌ನಲ್ಲಿ ಫ್ರಾನ್ಸನ್ನು ಅದರ ನೆಲದಲ್ಲೇ ಸೋಲಿಸಿದ ತಂಡವನ್ನು ನಡೆಸಿದ ಲಿಬೊಕ್, ಎರಡು ವಾರದ ಒಳಗೆ 23ರ ಪಟ್ಟಿಯಲ್ಲೂ ಇರಲಿಲ್ಲ. ಗೆದ್ದ ತಂಡದ ಕಥೆಯಲ್ಲಿ ಇಂಥವರ ಹೆಸರು ಒಂದು ಸಾಲಿನಲ್ಲಿ ಮುಗಿಯುತ್ತದೆ. ಕುಂಬ್ಳೆಯ ವಿಷಯದಲ್ಲಿ ನಾವು ಮರೆಯದೆ ಇರುವುದು ಅಭಿಮಾನದಿಂದ. ಜೊತೆಗೆ, ಆ ಪಂದ್ಯ ಸೋತೆವು ಎಂಬುದರಿಂದ.

ಮುಂದಿನ ಸಲ ಯಾವುದೇ ನಾಕೌಟ್ ಪಂದ್ಯಕ್ಕೆ ತಂಡ ಪ್ರಕಟವಾದಾಗ, ನಿಮ್ಮ ಜಗಳವನ್ನು ಪಂದ್ಯಕ್ಕೆ ಮೊದಲೇ ಆಡಿ ಮುಗಿಸಿ. ಯಾರನ್ನು ಬಿಡುತ್ತಿದ್ದಿರಿ, ಯಾಕೆ, ಕೆಟ್ಟರೆ ಏನು ಮಾಡುತ್ತಿದ್ದಿರಿ ಎಂದು ಒಂದು ಚೀಟಿಯಲ್ಲಿ ಬರೆದು ಗೆಳೆಯರ ಕೈಗೆ ಕೊಟ್ಟಿಡಿ. ಪಂದ್ಯ ಮುಗಿದ ಮೇಲೆ ಆ ಚೀಟಿ ತೆಗೆದು ಓದಿದರೆ, ಕೋಚ್‌ಗಳ ಬಗ್ಗೆ ನಮ್ಮ ಮಾತು ತುಸು ಮೆತ್ತಗಾದರೂ ಆದೀತು.