ಬಿಳಿಮೀನನ್ನು ತೂಗುವ ಬಗೆ

1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಬಿಳಿಮೀನು (ಮಹಸೀರ್) 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಗಾಳದವರ ಮಾತಿನಲ್ಲಿ ಅದಕ್ಕಿಂತ ದೊಡ್ಡ ಮೀನುಗಳು ಬೇಕಾದಷ್ಟಿವೆ. ಆದರೆ ಲೆಕ್ಕಕ್ಕೆ ಬರುವುದು ತಕ್ಕಡಿಗೆ ಏರಿದ್ದು ಮಾತ್ರ.

ಇಲ್ಲಿ ಕಣ್ಣಳತೆ ನೆಚ್ಚುವಂಥದ್ದಲ್ಲ. ಒಂದೇ ಮೈಕಟ್ಟಿನ ಎರಡು ಮೀನುಗಳ ಪೈಕಿ ಒಂದು ಶೇಕಡಾ 10ರಷ್ಟು ಹೆಚ್ಚು ಉದ್ದವಿದ್ದರೆ, ಅಗಲ, ದಪ್ಪಗಳೂ ಅಷ್ಟೇ ಹೆಚ್ಚುವುದರಿಂದ ತೂಕ ಶೇಕಡಾ 33ರಷ್ಟು ಏರುತ್ತದೆ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 800ರಿಂದ ಭಾಗಿಸುವ ಸೂತ್ರವೊಂದಿದೆ. ಅಳತೆ ಇಂಚಿನಲ್ಲಿದ್ದರೆ ಉತ್ತರ ಪೌಂಡಿನಲ್ಲಿ ಬರುತ್ತದೆ. ಅದೂ ಅಂದಾಜೇ. ಕಾವೇರಿಯ ಗೂನುಬೆನ್ನಿನ ಮಹಸೀರ್‌ಗೆ ಅದು ಸರಿಹೊಂದಲೇಬೇಕೆಂದಿಲ್ಲ.

ನೀರಿನಲ್ಲಿ ಮೀನಿನ ಭಾರವನ್ನು ನೀರೇ ಹೊರುತ್ತದೆ. ಒಡಲೊಳಗಿನ ಗಾಳಿಚೀಲ ಅದಕ್ಕೆ ನೆರವಾಗುತ್ತದೆ. ಮೇಲೆತ್ತಿದ ಕೂಡಲೇ ಆ ಆಸರೆ ತಪ್ಪುತ್ತದೆ. ಕಿವಿರಿಗೆ ಕೊಕ್ಕೆ ಹಾಕಿ ನೇತುಹಾಕಿದರೆ ಇಡೀ ಭಾರ ಅಲ್ಲಿಗೇ ಬಿದ್ದು ಮೀನು ಘಾಸಿಗೊಳ್ಳುತ್ತದೆ. ಆದ್ದರಿಂದ ಅದನ್ನು ಬಟ್ಟೆಯ ಜೋಲಿಯಲ್ಲಿ ಅಡ್ಡಲಾಗಿ ಮಲಗಿಸಿ ತೂಗಬೇಕು. ಜೋಲಿಯನ್ನು ಮೊದಲೇ ನೆನೆಸಿಡಬೇಕು. ಒಣಬಟ್ಟೆ ತಾಗಿದರೆ ಮೈಮೇಲಿನ ಲೋಳೆ ಕಿತ್ತುಹೋಗುತ್ತದೆ. ನೆನೆದ ಜೋಲಿಯನ್ನೇ ತಕ್ಕಡಿಗೆ ತೂಗುಹಾಕಿ ಮುಳ್ಳನ್ನು ಸೊನ್ನೆಗೆ ತರಬೇಕು. ಮೀನು ತೂಗುವಾಗ ನೀರು ಬಸಿಯದಿದ್ದರೆ ಜೋಲಿಯ ತಳದಲ್ಲಿ ನಿಂತ ಅರ್ಧ ಲೀಟರ್ ನೀರು ಮೀನಿನ ಲೆಕ್ಕಕ್ಕೆ ಅರ್ಧ ಕಿಲೋ ಸೇರಿಸಿಬಿಡುತ್ತದೆ.

ಸ್ಪ್ರಿಂಗ್ ತಕ್ಕಡಿ ಅಳೆಯುವುದು ಎಳೆತವನ್ನು. ಮೀನು ಒದ್ದಾಡಿದರೂ ಹಿಡಿದ ಕೈ ನಡುಗಿದರೂ ಮುಳ್ಳು ಜಿಗಿಯುತ್ತದೆ. ತಕ್ಕಡಿಯನ್ನು ಮುಕ್ಕಾಲಿಗೋ ಗಟ್ಟಿ ಕೊಂಬೆಗೋ ಕಟ್ಟಿ, ಮುಳ್ಳು ನಿಂತ ಮೇಲೆ ಓದಬೇಕು. ಹಳೆಯ ಸ್ಪ್ರಿಂಗ್ ಸಡಿಲಾಗಿರಬಹುದು. ಖಾಲಿ ಕ್ಯಾನ್ ತೂಗಿ, 10 ಲೀಟರ್ ನೀರು ತುಂಬಿಸಿ ಮತ್ತೆ ತೂಗಿದರೆ 10 ಕಿಲೋ ಹೆಚ್ಚಬೇಕು.

ಇಷ್ಟೆಲ್ಲ ನಿಗಾ ಏಕೆ? ಗಾಲಿಬೋರೆಯ ಆಸುಪಾಸಿನ ಕಾವೇರಿಯಲ್ಲಿ ಗಾಳದವರು ಮೀನು ಹಿಡಿದು, ತೂಕ ಬರೆದು, ಮತ್ತೆ ನೀರಿಗೆ ಬಿಡುತ್ತಿದ್ದರು. 1998ರಿಂದ 2012ರವರೆಗಿನ ಆ ದಾಖಲೆಗಳನ್ನು ವಿಜ್ಞಾನಿಗಳು ಜಾಲಾಡಿದಾಗ ಗೂನುಬೆನ್ನಿನ ಮೀನುಗಳ ಸಂಖ್ಯೆ ಇಳಿದದ್ದೂ ಸರಾಸರಿ ತೂಕ ಏರಿದ್ದೂ ಕಂಡಿತು. ತೂಕ ಏರಿದ್ದು ಶುಭಸೂಚನೆಯಾಗಿರಲಿಲ್ಲ. ಮುದಿ ಮೀನುಗಳಷ್ಟೇ ಉಳಿದಿದ್ದವು, ಮರಿಗಳು ಬೆಳೆದು ಬರುತ್ತಿರಲಿಲ್ಲ. 2018ರಲ್ಲಿ ಈ ಮೀನು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿತು. ದಾಖಲೆ ಮುರಿಯುವ ಮೀನಿಗಷ್ಟೇ ತಕ್ಕಡಿ ಹೊರತೆಗೆಯುವವರಿಗೆ ಈ ಸುಳಿವು ಸಿಗುವುದಿಲ್ಲ. ಅರ್ಧ ಕಿಲೋದ ಮರಿಯನ್ನೂ ಅಷ್ಟೇ ನಿಗಾದಿಂದ ತೂಗಿ ಬರೆದಿಟ್ಟರೆ ಮಾತ್ರ ಸಿಗುತ್ತದೆ.