ಕಡಲಿಗೆ ತಕ್ಕ ಹಾಯಿದೋಣಿ

ಕನಕಪುರ ತಾಲ್ಲೂಕಿನ ಸಂಗಮಕ್ಕೆ ಹೋಗಿಬಂದ ವಾಚಕರು ಹರಿಗೋಲನ್ನು ನೋಡಿಯೇ ಇರುತ್ತಾರೆ. ಅರ್ಕಾವತಿಯು ಕಾವೇರಿಯನ್ನು ಕೂಡುವ ಆ ಎಡೆಯಲ್ಲಿ, ಹೊಳೆ ದಾಟಿ ಮೇಕೆದಾಟಿನ ಕಡೆಗೆ ಹೋಗುವವರನ್ನು ಹೊತ್ತು ಸಾಗುವುದು ಈ ದುಂಡನೆಯ ಬಿದಿರಿನ ಬುಟ್ಟಿಯೇ. ಅಂಬಿಗನು ಹುಟ್ಟನ್ನು ನೀರಿನಿಂದ ಎತ್ತಿದೊಡನೆ ಹರಿಗೋಲು ತನ್ನಷ್ಟಕ್ಕೆ ಸುತ್ತತೊಡಗುತ್ತದೆ. ನೀರು ಎತ್ತ ಹರಿದರೆ ಅತ್ತ, ಗಾಳಿ ಎತ್ತ ನೂಕಿದರೆ ಅತ್ತ ಹೋಗುತ್ತದೆ. ಮುಂದು ಹಿಂದು ಎಂಬ ಭೇದವೇ ಅದಕ್ಕಿಲ್ಲ.

ಒಮ್ಮೆ ತರಗತಿಯಲ್ಲಿ ಬಲಗಳ ವಿಭಜನೆಯ ಪಾಠ ನಡೆಯುತ್ತಿದ್ದಾಗ ಚನ್ನಪಟ್ಟಣದ ಕಡೆಯ ವಿದ್ಯಾರ್ಥಿಯೊಬ್ಬನು ಎದ್ದು, “ಸಾರ್, ಹರಿಗೋಲಿಗೆ ಒಂದು ಹಾಯಿ ಕಟ್ಟಿದರೆ ಸಮುದ್ರಕ್ಕೆ ಹೋಗಬಹುದೆ?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ಪ್ರಶ್ನೆ ಮಾತ್ರ ನಗತಕ್ಕದ್ದಾಗಿರಲಿಲ್ಲ. ಕಡಲ ಮೇಲೆ ತಿಂಗಳುಗಟ್ಟಲೆ ಸಾಗಬಲ್ಲ ಹಾಯಿದೋಣಿಯಲ್ಲಿ ಹರಿಗೋಲಿನಲ್ಲಿಲ್ಲದ ಯಾವ ಗುಣಗಳಿರಬೇಕು? ಅಂಥ ದೋಣಿಯೊಂದನ್ನು, ಅದೂ ಮತ್ತೊಬ್ಬರು ಬಳಸಿದ್ದನ್ನು, ಕೊಳ್ಳುವವನು ಏನನ್ನು ನೋಡಿ ಕೊಳ್ಳಬೇಕು? ಇವೆರಡಕ್ಕೂ ಉತ್ತರ ಭೌತವಿಜ್ಞಾನದಲ್ಲಿದೆ.

ಹಳೆಯ ದೋಣಿಗಳ ಸಾಧನೆ

ದೂರಸಮುದ್ರಕ್ಕೆ ಹೊಸ ದೋಣಿಯೇ ಬೇಕೆಂಬ ನಿಯಮವಿಲ್ಲ. ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ ‘ಸುಹೈಲಿ’ ಎಂಬ ೩೨ ಅಡಿಯ ದೋಣಿಯು ಇಂಗ್ಲೆಂಡಿನವರೆಗೆ ಸಾಗಿ ಸಾಕಷ್ಟು ಸವೆದ ಮೇಲೆ, ೧೯೬೮ರ ಜೂನ್ ೧೪ರಂದು ರಾಬಿನ್ ನಾಕ್ಸ್-ಜಾನ್‌ಸ್ಟನ್ ಅದರಲ್ಲಿ ಒಬ್ಬಂಟಿಯಾಗಿ ಹೊರಟನು. ಎಲ್ಲಿಯೂ ನಿಲ್ಲದೆ ಭೂಮಿಯನ್ನು ಸುತ್ತಿ ೧೯೬೯ರ ಏಪ್ರಿಲ್ ೨೨ರಂದು ಹಿಂದಿರುಗಿದನು. ಅಂಥ ಯಾನವನ್ನು ಮೊದಲು ಮುಗಿಸಿದವನು ಅವನೇ. ಆ ಪಂದ್ಯಕ್ಕೆ ಹೊರಟ ಒಂಬತ್ತು ಮಂದಿಯಲ್ಲಿ ಗುರಿ ಮುಟ್ಟಿದವನೂ ಅವನೊಬ್ಬನೇ.

ನಮ್ಮ ಸೇನೆಯ ಎಂಜಿನಿಯರುಗಳ ದಳವು ೧೯೮೫ರಲ್ಲಿ ಇಂಗ್ಲೆಂಡಿನಲ್ಲಿ ಹೊರಡಿಸಿದ ‘ತೃಷ್ಣಾ’ ಸಹ ಬೇರೆಯವರು ಬಳಸಿದ್ದ ೩೭ ಅಡಿಯ ದೋಣಿಯೇ. ೧೯೮೭ರ ಜನವರಿಯಲ್ಲಿ ಅದು ಭೂಪ್ರದಕ್ಷಿಣೆ ಮುಗಿಸಿ ಮುಂಬಯಿಗೆ ಬಂದಿತು. ಹಾಯಿದೋಣಿಯಲ್ಲಿ ಭಾರತೀಯರು ಮಾಡಿದ ಮೊದಲ ಭೂಪ್ರದಕ್ಷಿಣೆ ಅದು. ಅದೇ ಹೆಸರಿನ ಹಾಯಿದೋಣಿ ಕೂಟವೊಂದು ರಾಮನಗರಕ್ಕೆ ಸಮೀಪದ ಬೆಂಗಳೂರಿನ ಹಲಸೂರು ಕೆರೆಯಲ್ಲಿದೆ. ೨೦೨೩ರ ಏಪ್ರಿಲ್ ೨೯ರಂದು ಅಭಿಲಾಷ್ ಟಾಮಿಯವರು ‘ಗೋಲ್ಡನ್ ಗ್ಲೋಬ್’ ಪಂದ್ಯದಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದ್ದು ‘ಬಯಾನತ್’ ಎಂಬ ದೋಣಿಯಲ್ಲಿ. ಅದೂ ಕೊಂಡು ದುರಸ್ತಿ ಮಾಡಿಸಿಕೊಂಡ ಹಳೆಯ ದೋಣಿಯೇ.

ಗಾಳಿಗೆದುರಾಗಿ ಸಾಗುವ ಬಗೆ

ಹಾಯಿಯು ಗಾಳಿಯ ಬೆನ್ನಟ್ಟಿ ಹೋಗುವುದನ್ನು ಎಲ್ಲರೂ ಊಹಿಸಬಲ್ಲರು. ಗಾಳಿ ಬರುವ ದಿಕ್ಕಿನ ಕಡೆಗೇ ಅದು ಮುನ್ನಡೆಯಬಲ್ಲುದೆಂದರೆ ಆಶ್ಚರ್ಯವಾಗುತ್ತದೆ. ಒದ್ದೆ ಮಾಡಿದ ಹುಣಸೆ ಬೀಜವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಅದುಮಿ ನೋಡಿರಿ. ನಾವು ಒತ್ತುವುದು ಪಕ್ಕಗಳಿಂದ. ಬೀಜ ಚಿಮ್ಮುವುದು ಮುಂದಕ್ಕೆ. ಹಾಯಿದೋಣಿಯ ಪಾಡೂ ಹೀಗೆಯೇ. ಓರೆಯಾಗಿ ಹಿಡಿದ ಬಾಗಿದ ಹಾಯಿಯ ಮೇಲೆ ಗಾಳಿ ಹರಿದಾಗ ಹುಟ್ಟುವ ಬಲದ ಬಹುಪಾಲು ದೋಣಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಅಲ್ಪಪಾಲು ಮುಂದಕ್ಕೆ ಎಳೆಯುತ್ತದೆ. ಪಕ್ಕಕ್ಕೆ ತಳ್ಳುವ ಪಾಲನ್ನು ತಡೆಯುವುದು ದೋಣಿಯ ಅಡಿಯಲ್ಲಿ ಇಳಿಬಿಟ್ಟ ರೆಕ್ಕೆಯಂಥ ಭಾಗ. ನಾವಿಕರು ಇದನ್ನು ಕೀಲ್ ಎನ್ನುತ್ತಾರೆ. ನೀರು ಗಾಳಿಗಿಂತ ಸುಮಾರು ೮೦೦ ಪಟ್ಟು ಸಾಂದ್ರವಾದುದರಿಂದ ಸಣ್ಣ ಕೀಲ್ ಕೂಡ ದೊಡ್ಡ ಹಾಯಿಗೆ ಎದುರು ನಿಲ್ಲಬಲ್ಲುದು. ಉಳಿದ ಮುಂದಣ ಪಾಲು ದೋಣಿಯನ್ನು ನಡೆಸುತ್ತದೆ.

ಆದರೂ ಗಾಳಿಗೆ ನೇರ ಎದುರಾಗಿ ಹೋಗುವುದು ಸಾಧ್ಯವಿಲ್ಲ. ಗಾಳಿಯ ದಿಕ್ಕಿಗೆ ಸುಮಾರು ೪೫ ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗುತ್ತ, ಘಾಟಿಯ ರಸ್ತೆ ಬೆಟ್ಟವೇರುವಂತೆ ಏರಬೇಕು. ಹೀಗಾಗಿ ೧೦ ಕಿಲೋಮೀಟರಿನ ನೇರ ದೂರಕ್ಕೆ ೧೪ ಕಿಲೋಮೀಟರು ಸಾಗಬೇಕಾಗುತ್ತದೆ. ಕೀಲ್ ಇಲ್ಲದ ಹರಿಗೋಲಿಗೆ ಎಷ್ಟು ಒಳ್ಳೆಯ ಹಾಯಿ ಕಟ್ಟಿದರೂ ಅದು ಗಾಳಿಯೊಡನೆ ತೇಲಿಹೋಗುವುದೇ ಸರಿ. ವಿದ್ಯಾರ್ಥಿಯ ಪ್ರಶ್ನೆಗೆ ಇದು ಉತ್ತರದ ಮೊದಲರ್ಧ.

ಮಗುಚಿದರೂ ಏಳುವ ದೋಣಿ

ಕೀಲ್ ಮಾಡುವ ಎರಡನೆಯ ಕೆಲಸವು ನಾವಿಕನ ಪ್ರಾಣಕ್ಕೆ ಸಂಬಂಧಿಸಿದುದು. ತಳದಲ್ಲಿ ಭಾರವಿಟ್ಟ ಬೊಂಬೆಯನ್ನು ಮಕ್ಕಳು ಎಷ್ಟು ಸಲ ಕೆಡವಿದರೂ ಅದು ಎದ್ದು ಕುಳಿತುಕೊಳ್ಳುತ್ತದೆ. ಗುರುತ್ವಕೇಂದ್ರವು ತೀರ ಕೆಳಗಿರುವುದೇ ಅದರ ಗುಟ್ಟು. ಬಯಾನತ್ ಮಾದರಿಯ ೩೫ ಅಡಿಯ ದೋಣಿಯ ಒಟ್ಟು ತೂಕ ಸುಮಾರು ಏಳೂವರೆ ಟನ್ನು. ಅದರಲ್ಲಿ ಸುಮಾರು ಮೂರೂವರೆ ಟನ್ನು ಕೀಲಿನಲ್ಲಿರುವ ಭಾರವೇ!

ಈ ಭಾರಕ್ಕೆ ಸೀಸವನ್ನು ಆರಿಸುವುದೇಕೆ? ರಾಮನಗರದ ಬೆಟ್ಟಗಳ ಗ್ರಾನೈಟು ಶಿಲೆಯ ಸಾಂದ್ರತೆ ನೀರಿಗಿಂತ ಸುಮಾರು ೨.೭ ಪಟ್ಟು, ಸೀಸದ್ದು ೧೧.೩ ಪಟ್ಟು. ಮೂರೂವರೆ ಟನ್ನು ಗ್ರಾನೈಟಿಗೆ ೧.೩ ಘನ ಮೀಟರು ಸ್ಥಳ ಬೇಕು. ಅಷ್ಟೇ ತೂಕದ ಸೀಸಕ್ಕೆ ೦.೩೧ ಘನ ಮೀಟರು ಸಾಕು. ಇಷ್ಟೇ ಅಲ್ಲದೆ, ನೀರಿನಲ್ಲಿ ಮುಳುಗಿದ ವಸ್ತುವಿನ ತೂಕದಲ್ಲಿ ಅದು ಹೊರದೂಡಿದ ನೀರಿನ ತೂಕ ಕಳೆಯುತ್ತದೆಂಬ ಆರ್ಕಿಮಿಡೀಸನ ತತ್ತ್ವವನ್ನು ನೆನೆಯಿರಿ. ಮುಳುಗಿದ ಗ್ರಾನೈಟು ತನ್ನ ತೂಕದಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚನ್ನು ಕಳೆದುಕೊಂಡರೆ ಸೀಸ ಕಳೆದುಕೊಳ್ಳುವುದು ಹತ್ತರಲ್ಲಿ ಒಂದು ಪಾಲಿನಷ್ಟನ್ನೇ.

ದೋಣಿ ಒಂದು ಪಕ್ಕಕ್ಕೆ ವಾಲಿದಾಗ ನೀರಿನ ಮೇಲ್ನೂಕು ಬಲದ ಕೇಂದ್ರವು ಆ ಪಕ್ಕಕ್ಕೆ ಸರಿಯುತ್ತದೆ. ತೂಕವು ಕೆಳಮುಖವಾಗಿ, ಮೇಲ್ನೂಕು ಮೇಲ್ಮುಖವಾಗಿ, ಎರಡೂ ಸ್ವಲ್ಪ ಅಂತರದಲ್ಲಿ ವರ್ತಿಸಿ ಬಲಯುಗ್ಮವಾಗಿ ದೋಣಿಯನ್ನು ಎತ್ತಿ ನಿಲ್ಲಿಸುತ್ತವೆ. ಅಂತರ ಅರ್ಧ ಮೀಟರೆಂದು ಇಟ್ಟುಕೊಳ್ಳೋಣ. ಏಳೂವರೆ ಟನ್ನಿನ ದೋಣಿಗೆ ಈ ಬಲಯುಗ್ಮವು, ತಲಾ ೭೫ ಕಿಲೋಗ್ರಾಂ ತೂಕದ ೫೦ ಜನರು ನಡುಗೆರೆಯಿಂದ ಒಂದು ಮೀಟರು ಆಚೆ ನಿಂತು ದೋಣಿಯನ್ನು ಅದುಮಿದುದಕ್ಕೆ ಸಮ. ಒಳ್ಳೆಯ ಕೀಲ್ ಉಳ್ಳ ದೋಣಿಯಲ್ಲಿ ಈ ನೆಟ್ಟಗಾಗುವ ಶಕ್ತಿಯು ವಾಲಿಕೆ ೧೨೦ ಡಿಗ್ರಿ ದಾಟುವವರೆಗೂ ಉಳಿಯುವುದುಂಟು. ಅಂದರೆ ಕೂವೆಮರ ನೀರಿಗೆ ತಾಗಿ ಅದಕ್ಕೂ ಕೆಳಗಿಳಿದ ಮೇಲೂ ದೋಣಿ ಏಳುತ್ತದೆ.

ಇದು ಬರಿಯ ಲೆಕ್ಕವಲ್ಲ. ೨೦೧೮ರ ಸೆಪ್ಟೆಂಬರ್ ೨೧ರಂದು ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಬಿರುಗಾಳಿಗೆ ಸಿಕ್ಕ ಅಭಿಲಾಷ್ ಟಾಮಿಯವರ ‘ತುರೀಯಾ’ ಮಗುಚಿಕೊಂಡಿತು. ಕೂವೆಮರ ಮುರಿಯಿತು, ಅವರ ಬೆನ್ನೆಲುಬಿಗೆ ತೀವ್ರ ಪೆಟ್ಟಾಯಿತು. ದೋಣಿ ಮಾತ್ರ ಮತ್ತೆ ನೆಟ್ಟಗಾಗಿ ತೇಲುತ್ತಲೇ ಇತ್ತು. ಅಲುಗಾಡಲಾಗದೆ ಒಳಗೆ ಮಲಗಿದ್ದ ಅವರನ್ನು ೨೪ರಂದು ಫ್ರೆಂಚ್ ಮೀನುಗಾರಿಕಾ ಇಲಾಖೆಯ ‘ಓಸಿರಿಸ್’ ಹಡಗು ರಕ್ಷಿಸಿತು. ದೋಣಿಯ ಒಡಲೂ ಕೀಲೂ ಆ ಮೂರು ದಿನ ತಮ್ಮ ಕೆಲಸವನ್ನು ಬಿಟ್ಟಿದ್ದರೆ ನೆರವು ಬಂದೂ ಫಲವಿರುತ್ತಿರಲಿಲ್ಲ.

ಹಳತನ್ನು ಕೊಳ್ಳುವವನ ಪರೀಕ್ಷೆ

ಈಗ ಕೊಳ್ಳುವ ಮಾತಿಗೆ ಬರೋಣ. ಹೊಳೆಯುವ ಬಣ್ಣ, ಮೆತ್ತನೆಯ ಹಾಸಿಗೆ, ಅಚ್ಚುಕಟ್ಟಾದ ಅಡಿಗೆಮನೆ ಇವು ಕಣ್ಣಿಗೆ ಮೊದಲು ಬೀಳುತ್ತವೆ. ಬಲ್ಲವನು ಮೊದಲು ದೋಣಿಯನ್ನು ನೀರಿನಿಂದ ಮೇಲೆತ್ತಿಸಿ ಅದರ ಅಡಿಯನ್ನು ನೋಡುತ್ತಾನೆ.

ಸಂತೆಯಲ್ಲಿ ಗಡಿಗೆ ಕೊಳ್ಳುವ ಗೃಹಿಣಿ ಅದನ್ನು ಬೆರಳಿನಿಂದ ತಟ್ಟಿ ನೋಡುವುದಿಲ್ಲವೆ? ನೌಕಾಪರೀಕ್ಷಕನೂ ಸಣ್ಣ ಸುತ್ತಿಗೆಯಿಂದ ಒಡಲನ್ನು ತಟ್ಟುತ್ತ ಹೋಗುತ್ತಾನೆ. ಕಳೆದ ಅರ್ಧ ಶತಮಾನದ ಬಹುಪಾಲು ದೋಣಿಗಳು ಗಾಜಿನ ಎಳೆಗಳನ್ನು ರಾಳದಲ್ಲಿ ಅದ್ದಿ ಪದರ ಪದರವಾಗಿ ಕಟ್ಟಿದವು. ಪದರಗಳು ಬಿಗಿಯಾಗಿದ್ದರೆ ದನಿ ಗಟ್ಟಿಯಾಗಿ ಬರುತ್ತದೆ. ಒಳಗೆ ಬಿಟ್ಟುಕೊಂಡಿದ್ದರೆ ಬೊದ್ದು ದನಿ. ನೀರು ನಿಧಾನವಾಗಿ ರಾಳದೊಳಕ್ಕೆ ಇಳಿದು, ಅಲ್ಲಿನ ರಾಸಾಯನಿಕಗಳೊಡನೆ ಕೂಡಿ, ಪರಾಸರಣದಿಂದ ಮತ್ತಷ್ಟು ನೀರನ್ನು ಎಳೆದುಕೊಂಡು ಬೊಕ್ಕೆಗಳನ್ನೆಬ್ಬಿಸುವುದೂ ಉಂಟು.

ಎರಡನೆಯದಾಗಿ ಲೋಹಗಳು. ಕೂವೆಮರವನ್ನು ನಿಲ್ಲಿಸಿರುವುದು ತುಕ್ಕುಹಿಡಿಯದ ಉಕ್ಕಿನ ಬಿಗಿತಂತಿಗಳು. ಈ ಉಕ್ಕನ್ನು ಕಾಪಾಡುವ ತೆಳು ಪೊರೆಗೆ ಆಮ್ಲಜನಕ ಬೇಕು. ತಂತಿ ಹಿಡಿಕೆಯೊಳಗೆ ಹೊಕ್ಕ ಇಕ್ಕಟ್ಟಿನಲ್ಲಿ ಉಪ್ಪುನೀರು ನಿಂತು ಆಮ್ಲಜನಕ ತೀರಿದಾಗ ಆ ಪೊರೆ ಅಳಿದು ಲೋಹ ಒಳಗೊಳಗೇ ಸವೆಯುತ್ತದೆ. ಜೊತೆಗೆ, ತಂತಿಯೊಂದನ್ನು ಅತ್ತಿತ್ತ ಬಗ್ಗಿಸುತ್ತಿದ್ದರೆ ತುಂಡಾಗುವಂತೆ, ಲಕ್ಷಾಂತರ ಅಲೆಗಳ ಎಳೆತದಿಂದ ಲೋಹ ದಣಿಯುತ್ತದೆ. ಮೇಲೆ ಹೊಳೆಯುವ ತಂತಿಯೂ ಬಿರುಗಾಳಿಯಲ್ಲಿ ಕೈಕೊಡಬಹುದು. ಆದುದರಿಂದ ಎಷ್ಟು ವರ್ಷದ ತಂತಿ ಎಂದು ಕೇಳಿ, ಸಂದೇಹವಿದ್ದರೆ ಬದಲಾಯಿಸಿಬಿಡುವುದೇ ವಿವೇಕ. ಕೀಲನ್ನು ಒಡಲಿಗೆ ಬಿಗಿದ ಮೊಳೆಗಳಿದ್ದರೆ ಅವಕ್ಕೂ ಇದೇ ಮಾತು.

ಉಪ್ಪುನೀರಿನಲ್ಲಿ ಎರಡು ಬೇರೆ ಬೇರೆ ಲೋಹಗಳು ತಾಗಿಕೊಂಡಿದ್ದರೆ ಅದೊಂದು ವಿದ್ಯುತ್ಕೋಶವೇ ಆಗುತ್ತದೆ. ಸತುವು ಕಂಚಿಗಿಂತ ಸುಲಭವಾಗಿ ಕರಗುವುದರಿಂದ, ಸತುವಿನ ತುಂಡುಗಳನ್ನು ದೋಣಿಯ ಅಡಿಯಲ್ಲಿ ಬಲಿಗಾಗಿ ಕಟ್ಟಿರುತ್ತಾರೆ. ಅವು ಸವೆದು ಕಂಚಿನ ತಿರುಪನ್ನು ಉಳಿಸುತ್ತವೆ. ಸತುವು ಪೂರ್ತಿ ಮಾಯವಾಗಿ ಬಹುಕಾಲವಾಗಿದ್ದರೆ ಮಾಲೀಕನು ದೋಣಿಯನ್ನು ನೋಡಿಕೊಂಡ ರೀತಿ ತಿಳಿದಂತಾಯಿತು. ಹಾಯಿಗಳದು ಪಾಲಿಯೆಸ್ಟರ್ ಬಟ್ಟೆ. ಅದಕ್ಕೆ ವೈರಿ ಗಾಳಿಗಿಂತ ಸೂರ್ಯನ ಅತಿನೇರಳೆ ಕಿರಣಗಳು. ಹೊಲಿಗೆಯ ನೂಲನ್ನು ಉಗುರಿನಿಂದ ಕೆರೆದರೆ ಹರಿಯುವುದೇ ಎಂದು ನೋಡಬೇಕು.

ಸಲಕರಣೆಗಳು

ಸಲಕರಣೆಗಳ ಪಟ್ಟಿ ಎಷ್ಟು ಉದ್ದವಾದರೂ ಅದು ಉತ್ತರಿಸಬೇಕಾದ ಪ್ರಶ್ನೆಗಳು ಕೆಲವೇ. ಒಂದು, ನಾನು ಎಲ್ಲಿದ್ದೇನೆ? ಇಂದು ಉಪಗ್ರಹಗಳು ಕ್ಷಣದಲ್ಲಿ ಹೇಳುತ್ತವೆ. ವಿದ್ಯುತ್ತು ನಿಂತರೆ ಉಳಿಯುವುದು ಸೆಕ್ಸ್‌ಟೆಂಟ್ ಎಂಬ ಕೋನಮಾಪಕ ಹಾಗೂ ನಂಬಿಕೆಯ ಗಡಿಯಾರ. ರಾಮನಗರದಲ್ಲಿ ಸೂರ್ಯನು ನೆತ್ತಿಗೆ ಬರುವುದು ವರ್ಷದ ಸರಾಸರಿಯಲ್ಲಿ ಗಡಿಯಾರ ಹನ್ನೆರಡು ತೋರಿಸಿದ ಸುಮಾರು ೨೧ ನಿಮಿಷಗಳ ಮೇಲೆ. ನಮ್ಮ ಗಡಿಯಾರ ೮೨.೫ ಡಿಗ್ರಿ ರೇಖಾಂಶದ್ದು, ಊರು ಅದಕ್ಕೆ ಸುಮಾರು ೫.೨ ಡಿಗ್ರಿ ಪಶ್ಚಿಮದಲ್ಲಿದೆ. ಇದೇ ಲೆಕ್ಕವನ್ನು ತಿರುವಿದರೆ ನಾವಿಕನ ರೇಖಾಂಶ ದೊರೆಯುತ್ತದೆ. ಗಡಿಯಾರ ನಾಲ್ಕು ಸೆಕೆಂಡು ತಪ್ಪಿದರೆ ಸಮಭಾಜಕದಲ್ಲಿ ಒಂದು ನಾವಿಕ ಮೈಲಿ, ಅಂದರೆ ೧೮೫೨ ಮೀಟರು, ತಪ್ಪಿದಂತೆ.

ಎರಡು, ನಾನು ಮಲಗಿದಾಗ ಚುಕ್ಕಾಣಿ ಹಿಡಿಯುವವರಾರು? ದೋಣಿಯ ಹಿಂಬದಿಯ ಗಾಳಿಪಟ್ಟಿಯು ದೋಣಿ ದಾರಿ ತಪ್ಪಿದಾಗ ಓರೆಯಾಗಿ, ನೀರಿನ ವೇಗದಿಂದಲೇ ಬಲವನ್ನು ಪಡೆದು, ಚುಕ್ಕಾಣಿಯನ್ನು ತಿರುಗಿಸುತ್ತದೆ. ಇದಕ್ಕೆ ವಿದ್ಯುತ್ತು ಬೇಡ. ಬಯಾನತ್ ದೋಣಿಯಲ್ಲಿ ಈ ಸಾಧನ ಮುರಿದಾಗ ಟಾಮಿಯವರು ದೋಣಿಯೊಳಗಿನ ಹಲಗೆಗಳನ್ನೇ ಕೊಯ್ದು ಅದನ್ನು ದುರಸ್ತಿ ಮಾಡಿಕೊಂಡರು.

ಮೂರು, ನೀರು. ಇಬ್ಬರಿಗೆ ದಿನಕ್ಕೆ ತಲಾ ನಾಲ್ಕು ಲೀಟರಿನಂತೆ ಮೂವತ್ತು ದಿನಕ್ಕೆ ೨೪೦ ಲೀಟರು ಬೇಕು. ಸಮುದ್ರದ ನೀರನ್ನು ಸಿಹಿಮಾಡುವ ಯಂತ್ರವಿದ್ದರೂ ತೊಟ್ಟಿ ತುಂಬಿರಬೇಕು. ನಾಲ್ಕು, ಎಲ್ಲವೂ ಕೈಬಿಟ್ಟರೆ? ೪೦೬ ಮೆಗಾಹರ್ಟ್ಸ್ ತರಂಗದಲ್ಲಿ ಉಪಗ್ರಹಕ್ಕೆ ಮೊರೆಯಿಡುವ ಸಂಕಟಸೂಚಕ ಮತ್ತು ಗಾಳಿ ತುಂಬಿಕೊಳ್ಳುವ ಜೀವರಕ್ಷಕ ತೆಪ್ಪ. ಇವುಗಳ ಬ್ಯಾಟರಿಗೂ ತೆಪ್ಪಕ್ಕೂ ಅವಧಿಯುಂಟು. ಅವಧಿ ಮೀರಿದ ತೆಪ್ಪವನ್ನು ಸಲಕರಣೆಯೆಂದು ಎಣಿಸಿ ಬೆಲೆ ಕೊಡತಕ್ಕದ್ದಲ್ಲ.

ಹರಿಗೋಲಿಗೆ ಹಿಂದಿರುಗೋಣ. ಅದರಲ್ಲಿ ಕೀಲ್ ಇಲ್ಲದಿರುವುದು ಕೊರತೆಯಲ್ಲ. ಬಂಡೆಗಳು ತುಂಬಿದ ಕಾವೇರಿಯ ತೆಳ್ಳನೆಯ ನೀರಿನಲ್ಲಿ ಸೀಸದ ಕೀಲ್ ಮೊದಲ ಬಂಡೆಗೇ ಸಿಕ್ಕಿಕೊಳ್ಳುತ್ತಿತ್ತು. ಅದು ಹೊಳೆಗೆ ತಕ್ಕದ್ದು. ಕಡಲಿಗೆ ತಕ್ಕದ್ದು ಬೇರೆ. ವಾಚಕರು ಇದನ್ನು ಮನೆಯ ನೀರಿನ ತೊಟ್ಟಿಯಲ್ಲಿಯೇ ಪರೀಕ್ಷಿಸಬಹುದು. ಹಗುರವಾದ ಮರದ ತುಂಡೊಂದಕ್ಕೆ ಕಡ್ಡಿ ನೆಟ್ಟು ಕಾಗದದ ಹಾಯಿ ಕಟ್ಟಿ ಊದಿರಿ, ಮಗುಚಿಕೊಳ್ಳುತ್ತದೆ. ಅಡಿಯಲ್ಲಿ ತಗಡಿನ ಪಟ್ಟಿಯೊಂದನ್ನು ಉದ್ದಕ್ಕೆ ಸಿಕ್ಕಿಸಿ, ಅದರ ತುದಿಗೆ ಎರಡು ಕಬ್ಬಿಣದ ಮೊಳೆಗಳನ್ನು ಕಟ್ಟಿ, ಈ ಸಲ ಪಕ್ಕದಿಂದ ಊದಿ ನೋಡಿರಿ.